ತಪ್ಪಿನ ಕೆಳಗೆ ಉಳಿದುಹೋದ ದುಃಖ: ಪ್ರಾಣಿರಕ್ಷಣೆಯ ಕಾರ್ಯಕರ್ತೆಯೊಬ್ಬರ ಪ್ರಕರಣ

ಮೊಬೈಲ್ ಸದ್ದು ಮಾಡಿದರೆ ಎದೆ ಹೊಡೆದುಕೊಳ್ಳುತ್ತದೆ, ನಡುರಾತ್ರಿ ಎಚ್ಚರವಾದರೆ ಮತ್ತೆ ನಿದ್ರೆ ಹತ್ತುವುದಿಲ್ಲ, ಅನ್ನದ ಮುಂದೆ ಕುಳಿತರೆ ಹೊಟ್ಟೆ ತೊಳೆಸುತ್ತದೆ. ಇಷ್ಟನ್ನು ಹೇಳಿ, ಮಲಗಲು ಏನಾದರೂ ಉಪಾಯವಿದ್ದರೆ ತಿಳಿಸಿ ಎಂದು ಕೇಳಿಕೊಂಡು ಆಪ್ತಸಲಹೆಗಾರ್ತಿಯಾದ ನನ್ನ ಬಳಿ ಬಂದವರು ದಾವಣಗೆರೆಯ ಒಬ್ಬ ಯುವತಿ. ವಯಸ್ಸು ಮೂವತ್ತರ ಆಸುಪಾಸು. ರಕ್ತಪರೀಕ್ಷೆಯ ಪ್ರಯೋಗಾಲಯವೊಂದರಲ್ಲಿ ಕೆಲಸ. ತಂದೆತಾಯಿಯ ಜೊತೆ ವಾಸ. ಅವರ ಒಪ್ಪಿಗೆ ಪಡೆದು, ಗುರುತು ಸಿಗುವಂಥ ವಿವರಗಳನ್ನು ಬದಲಿಸಿ ಈ ಪ್ರಕರಣವನ್ನು ಬರೆಯುತ್ತಿದ್ದೇನೆ. ಪ್ರಾಣಿಗಳನ್ನು ಉಳಿಸಲು ಹೋಗಿ ಒಳಗೊಳಗೇ ಕುಸಿಯುತ್ತಿರುವವರು ನಮ್ಮ ಊರುಗಳಲ್ಲಿ ಇನ್ನೂ ಇದ್ದಾರೆ. ಅವರಲ್ಲಿ ಹೆಚ್ಚಿನವರು ಯಾರ ಬಳಿಯೂ ಬಾಯಿ ಬಿಡುವುದಿಲ್ಲ.

ಕೆಲಸದ ಒತ್ತಡ, ಮದುವೆಯ ಮಾತು, ಹಣದ ಚಿಂತೆ ಎಲ್ಲವನ್ನೂ ಕೇಳಿದೆ. ಎಲ್ಲಕ್ಕೂ ಚುಟುಕಾದ ಉತ್ತರ. ಬಿಡುವಿನ ವೇಳೆಯಲ್ಲಿ ಏನು ಮಾಡುತ್ತೀರಿ ಎಂದು ಕೇಳಿದಾಗ ಮಾತ್ರ ಮುಖ ತಗ್ಗಿಸಿದರು. ನಾಲ್ಕೈದು ಗೆಳೆಯರು ಸೇರಿ ಊರಿನ ಅಂಚಿನಲ್ಲಿ ಒಂದು ತಗಡಿನ ಶೆಡ್ ಬಾಡಿಗೆಗೆ ಹಿಡಿದಿದ್ದಾರೆ. ಹೆದ್ದಾರಿ 48ರಲ್ಲಿ ಲಾರಿಗೆ ಸಿಕ್ಕ ನಾಯಿ, ಪಿ.ಬಿ. ರಸ್ತೆಯ ಅಂಗಡಿಗಳ ಮುಂದೆ ತಾಯಿ ಇಲ್ಲದೆ ಬಿದ್ದಿರುವ ಮರಿ, ಕಾಲು ಮುರಿದ ಬೆಕ್ಕು, ಇಂಥವುಗಳನ್ನು ತಂದು ಆರೈಕೆ ಮಾಡುತ್ತಾರೆ. ಸಂಬಳದಲ್ಲಿ ಒಂದಿಷ್ಟು ಅದಕ್ಕೇ ಹೋಗುತ್ತದೆ. ಎಷ್ಟೋ ಪ್ರಾಣಿಗಳು ಚೇತರಿಸಿಕೊಂಡು ಮನೆ ಸೇರಿವೆ. ಆ ಮಾತನ್ನು ಒಂದೇ ವಾಕ್ಯದಲ್ಲಿ ಮುಗಿಸಿದರು. ಸತ್ತವುಗಳ ವಿಷಯಕ್ಕೆ ಬಂದಾಗ ದಿನ, ಗಂಟೆ, ಬಣ್ಣ, ಯಾವ ಗೋಣಿಚೀಲದ ಮೇಲೆ ಮಲಗಿತ್ತು ಎಂಬುದನ್ನೂ ಹೇಳಿದರು.

ಚಳಿಗಾಲದ ಆರಂಭದಲ್ಲಿ ಬೀದಿನಾಯಿಗಳು ಮರಿ ಹಾಕುತ್ತವೆ, ಶೆಡ್ ತುಂಬುತ್ತದೆ. ಆ ಸಲ ಮೊದಲು ಬಂದ ಮರಿಗಳು ಎರಡು ವಾರ ಚೆನ್ನಾಗಿಯೇ ಇದ್ದವು. ಆಮೇಲೆ ಒಂದು ಮರಿ ಹಾಲು ಬಿಟ್ಟಿತು, ವಾಂತಿ ಮಾಡಿತು, ರಕ್ತದ ಭೇದಿ ಶುರುವಾಯಿತು. ನಾಯಿಮರಿಗಳ ಕರುಳಿಗೆ ತಗಲುವ ಪಾರ್ವೊ ಎಂಬ ವೈರಾಣು ರೋಗ. ಡ್ರಿಪ್ ಹಾಕಿಸಿದರೂ ಒಂದರ ಹಿಂದೆ ಒಂದು ಹೋದವು. ಶೆಡ್ ತೊಳೆದು, ಕೆಲವು ವಾರ ಬಿಟ್ಟು ಮತ್ತೊಂದು ತಾಯಿಯ ಮರಿಗಳನ್ನು ತಂದರು. ಅವು ಬಂದ ಮರುದಿನವೇ ಮಂಕಾದವು. ಆ ಗುಂಪಿನಲ್ಲಿ ಉಳಿದದ್ದು ಒಂದೇ. ಇದರ ನಡುವೆ, ಹೆದ್ದಾರಿಯಲ್ಲಿ ಬೆನ್ನುಮೂಳೆ ಮುರಿದಿದ್ದ ಒಂದು ಹೆಣ್ಣುನಾಯಿಗೆ ಪಶುವೈದ್ಯರು ದಯಾಮರಣವೇ ದಾರಿ ಎಂದಾಗ, ಅದರ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡಿದ್ದವರು ಇವರೇ. ಅದು ಕೊನೆಯ ಕ್ಷಣದಲ್ಲಿ ಕೈ ನೆಕ್ಕಿತಂತೆ.

"ಮೂರು ಕಡೆಯೂ ನಾನೇ ಕೊಂದೆ" ಎಂದರು. ಕಣ್ಣಲ್ಲಿ ನೀರಿರಲಿಲ್ಲ. ಪರೀಕ್ಷೆಯ ವರದಿ ಓದುವ ದನಿಯಲ್ಲಿ ಹೇಳಿದರು. ನನ್ನನ್ನು ಎಚ್ಚರಿಸಿದ್ದು ಆ ದನಿ.

ಮುಂದಿನ ಮಾತಿಗೆ ಹೋಗುವ ಮೊದಲು ಅವರ ಮುಂಗೈ ಮೇಲಿದ್ದ ಹಲ್ಲಿನ ಗುರುತಿನ ಬಗ್ಗೆ ಕೇಳಿದೆ. ಕೆಲವು ದಿನಗಳ ಹಿಂದೆ ಗಾಯಗೊಂಡ ನಾಯಿಯೊಂದು ಕಚ್ಚಿತ್ತು. ರೇಬೀಸ್ ಲಸಿಕೆಯ ಮೊದಲ ಸುತ್ತು ಹಾಕಿಸಿಕೊಂಡು, ಉಳಿದದ್ದಕ್ಕೆ ಹೋಗಿರಲಿಲ್ಲ. ಚರ್ಮದೊಳಗೆ ಹಾಕುವ ಲಸಿಕೆಯಾದರೆ ಕಚ್ಚಿದ ದಿನ, ನಂತರ 3, 7 ಮತ್ತು 28ನೇ ದಿನ ಬೀಳಬೇಕು ಎಂಬುದು ಅವರಿಗೆ ನನಗಿಂತ ಚೆನ್ನಾಗಿ ಗೊತ್ತು. ಲಕ್ಷಣ ಕಾಣಿಸಿಕೊಂಡ ಮೇಲೆ ರೇಬೀಸ್‌ನಿಂದ ಬದುಕುವುದು ಇಲ್ಲವೆಂದೇ ಹೇಳಬೇಕು ಎಂಬುದೂ ಗೊತ್ತು. ಗೊತ್ತಿದ್ದೂ ಬಿಟ್ಟಿದ್ದರು. ಅದನ್ನು ಮರೆವು ಎಂದುಕೊಂಡು ಸುಮ್ಮನಾಗುವ ಹಾಗಿರಲಿಲ್ಲ. ಬದುಕು ಬೇಡ ಎನಿಸಿದೆಯೇ, ಸಾಯುವ ಯೋಚನೆ ಬಂದಿದೆಯೇ ಎಂದು ನೇರವಾಗಿ ಕೇಳಿದೆ. ಇಂಥ ಪ್ರಶ್ನೆ ಕೇಳಿದರೆ ಇಲ್ಲದ ಯೋಚನೆಯನ್ನು ತಲೆಗೆ ಹಾಕಿದಂತಾಗುತ್ತದೆ ಎಂಬ ಭಯ ಅನೇಕರಿಗಿದೆ. ಆ ಭಯ ಬೇಡ. ಕೇಳಿದಾಗ ಜನರಿಗೆ ಹಗುರವಾಗುತ್ತದೆ. "ಬೆಳಿಗ್ಗೆ ಎಚ್ಚರವಾಗದಿದ್ದರೆ ಚೆನ್ನಾಗಿತ್ತು ಅನಿಸುತ್ತದೆ, ಅದಕ್ಕಿಂತ ಮುಂದೆ ಹೋಗಿಲ್ಲ" ಎಂದರು. ಅದೇ ದಿನ ಎರಡು ವಿಷಯ ತೀರ್ಮಾನವಾದವು: ನನ್ನ ಕೊಠಡಿಯಿಂದ ನೇರವಾಗಿ ಲಸಿಕೆಗೆ ಹೋಗುವುದು, ಆ ವಾರವೇ ಜಿಲ್ಲಾ ಆಸ್ಪತ್ರೆಯ ಮನೋವೈದ್ಯರನ್ನು ಕಾಣುವುದು. ರಾತ್ರಿ ತಡೆಯಲಾಗದಿದ್ದರೆ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಬೇಕು, ಹಗಲು ರಾತ್ರಿ ಉಚಿತವಾಗಿ ಕನ್ನಡದಲ್ಲಿಯೇ ಮಾತನಾಡಬಹುದು ಎಂದು ತಿಳಿಸಿ, ಆ ಸಂಖ್ಯೆಯನ್ನು ನನ್ನ ಮುಂದೆಯೇ ಮೊಬೈಲಿನಲ್ಲಿ ಉಳಿಸಿಕೊಳ್ಳಲು ಹೇಳಿದೆ. ಗೆಳತಿಯೊಬ್ಬರಿಗೆ ವಿಷಯ ತಿಳಿಸಲು ಒಪ್ಪಿದರು. ಮನೋವೈದ್ಯರು ಕೆಲವು ಕಾಲ ಔಷಧಿ ಕೊಟ್ಟರು, ನಿದ್ರೆ ಒಂದು ಹದಕ್ಕೆ ಬಂತು. ಆಪ್ತಸಲಹೆಯ ಮಾತು ಕಿವಿಗೆ ಬೀಳಲು ಅಷ್ಟಾದರೂ ನಿದ್ರೆ ಬೇಕು.

"ನಿಮ್ಮ ತಪ್ಪು ಏನೂ ಇಲ್ಲ" ಎಂದು ನಾನು ಹೇಳಲಿಲ್ಲ. ಗೆಳೆಯರೆಲ್ಲ ಅದನ್ನೇ ಹೇಳಿದ್ದರು, ಅದು ಅವರೊಳಗೆ ಇಳಿದಿರಲಿಲ್ಲ. ದಿನವಿಡೀ ರಕ್ತದ ಮಾದರಿಗಳ ನಡುವೆ ಕೆಲಸ ಮಾಡುವವರು ಅವರು. ಸೋಂಕು ಹೇಗೆ ಹರಡುತ್ತದೆ ಎಂದು ಬಲ್ಲವರಿಗೆ ಬರಿಯ ಸಮಾಧಾನದ ಮಾತು ಸುಳ್ಳಿನಂತೆ ಕೇಳಿಸುತ್ತದೆ. ಹಾಗಾಗಿ ಒಂದು ಕೆಲಸ ಕೊಟ್ಟೆ: ಎರಡೂ ಗುಂಪಿನ ಮರಿಗಳು ಬಂದ ದಿನ, ಮೊದಲ ಲಕ್ಷಣ ಕಂಡ ದಿನ, ಲಸಿಕೆಯ ವಿವರ ಬರೆದುಕೊಂಡು ಪಶುವೈದ್ಯರ ಮುಂದೆ ಕುಳಿತು ಕೇಳಿ ಬನ್ನಿ, ಯಾವುದು ನಮ್ಮ ಕೈಯಲ್ಲಿತ್ತು, ಯಾವುದು ಇರಲಿಲ್ಲ ಎಂದು.

ಅವರು ತಂದ ಉತ್ತರ ಒಂದೇ ಬಣ್ಣದ್ದಾಗಿರಲಿಲ್ಲ. ಪಾರ್ವೊ ವೈರಾಣು ದೇಹ ಸೇರಿ ಲಕ್ಷಣ ಕಾಣಿಸಿಕೊಳ್ಳಲು ಸಾಮಾನ್ಯವಾಗಿ 3ರಿಂದ 7 ದಿನ ಬೇಕು. ಹಾಗಿದ್ದರೆ ಬಂದ ಮರುದಿನವೇ ಮಂಕಾದ ಎರಡನೆಯ ಗುಂಪಿನ ಮರಿಗಳು ರೋಗವನ್ನು ಬೀದಿಯಿಂದಲೇ ತಂದಿದ್ದವು. ಅವರು ಶೆಡ್ ಅನ್ನು ಎಷ್ಟೇ ತೊಳೆದಿದ್ದರೂ ಅವುಗಳ ಹಣೆಬರಹ ಬದಲಾಗುತ್ತಿರಲಿಲ್ಲ. ಮೊದಲ ಗುಂಪಿನ ಮಾತು ಬೇರೆ. ಎರಡು ವಾರ ಚೆನ್ನಾಗಿದ್ದು ಮಲಗಿದವು ಎಂದರೆ ಸೋಂಕು ತಗುಲಿದ್ದು ಬಹುಶಃ ಶೆಡ್ಡಿನಲ್ಲಿಯೇ. ಅದಕ್ಕೂ ಮುಂಚೆ ಒಂದು ಕಾಯಿಲೆಯ ಮರಿ ಅಲ್ಲಿ ಇತ್ತು. ಈ ವೈರಾಣು ಮಣ್ಣಿನಲ್ಲಿ ತಿಂಗಳುಗಟ್ಟಲೆ ಬದುಕುತ್ತದೆ, ಫಿನಾಯಿಲ್‌ಗೆ ಸಾಯುವುದಿಲ್ಲ. ಬ್ಲೀಚಿಂಗ್ ದ್ರಾವಣಕ್ಕೆ ಸಾಯುತ್ತದೆ, ಆದರೆ ಅದು ಕೆಲಸ ಮಾಡುವುದು ತೊಳೆದು ಸ್ವಚ್ಛ ಮಾಡಿದ ಗಟ್ಟಿ ನೆಲದ ಮೇಲೆ. ಅವರ ಶೆಡ್ಡಿನದು ಮಣ್ಣಿನ ನೆಲ. ಆರರಿಂದ ಎಂಟು ವಾರಕ್ಕೆ ಲಸಿಕೆ ಆರಂಭವಾಗಬೇಕು, ಮತ್ತೆ ಮತ್ತೆ ಬೀಳಬೇಕು. ಆ ವಯಸ್ಸಿನಲ್ಲಿ ತಾಯಿಹಾಲಿನಿಂದ ಬಂದ ರಕ್ಷಣೆಯೇ ಲಸಿಕೆಗೆ ಅಡ್ಡ ಬರುವುದೂ ಉಂಟು. ಆ ಮರಿಗಳಿಗೆ ಇನ್ನೂ ಐದು ವಾರ.

ಈ ಉತ್ತರವನ್ನು ಮುಂದಿಟ್ಟುಕೊಂಡು ನಾವು ತಪ್ಪನ್ನು ಅದರ ಅಳತೆಗೆ ತಂದೆವು. ಮಣ್ಣಿನ ನೆಲದಲ್ಲಿ, ಮೊದಲೇ ರೋಗ ಬಂದಿದ್ದ ಜಾಗದಲ್ಲಿ ಲಸಿಕೆಯಾಗದ ಮರಿಗಳನ್ನು ಇಟ್ಟದ್ದು ತಪ್ಪು ನಿರ್ಧಾರ. ಅದನ್ನು ಒಪ್ಪಿಕೊಳ್ಳಬಹುದು, ತಿದ್ದಬಹುದು. "ಆ ಶೆಡ್ಡಿಗೆ ಇನ್ನು ಮರಿಗಳು ಬೇಡ. ಪ್ರತ್ಯೇಕ ಮನೆಗಳಲ್ಲಿ ಇಡಲು ಜನ ಸಿಗುವಷ್ಟು ಮರಿಗಳನ್ನು ಮಾತ್ರ ತನ್ನಿ. ಉಳಿದವುಗಳಿಗೆ ಇದ್ದ ಜಾಗದಲ್ಲಿಯೇ, ತಾಯಿಯ ಜೊತೆಯಲ್ಲಿಯೇ ಊಟ, ಲಸಿಕೆ ಕೊಡಿ" ಎಂದೆ. ಇದು ಮನಸ್ಸಿಗೆ ಕೊಟ್ಟ ಸಲಹೆಯಲ್ಲ, ಶೆಡ್ಡಿಗೆ ಕೊಟ್ಟ ಸಲಹೆ ಎನಿಸಬಹುದು. ಆದರೆ ಅದೇ ನೆಲದ ಮೇಲೆ ಮತ್ತೊಂದು ಗುಂಪು ಸತ್ತಿದ್ದರೆ ನನ್ನ ಯಾವ ಮಾತೂ ಅವರನ್ನು ಹಿಡಿದು ನಿಲ್ಲಿಸುತ್ತಿರಲಿಲ್ಲ.

ತಪ್ಪು ಅಷ್ಟು ಚಿಕ್ಕದಾದಾಗ ಅವರಿಗೆ ಹಗುರವಾಗಲಿಲ್ಲ. ಅಂದು ಮೊದಲ ಬಾರಿಗೆ ಅತ್ತರು, ತುಂಬ ಹೊತ್ತು ಅತ್ತರು. ಎರಡನೆಯ ಗುಂಪಿನಲ್ಲಿ ಕಿವಿಯೊಂದು ಮಾತ್ರ ಕಪ್ಪಗಿದ್ದ ಒಂದು ಮರಿ ಇತ್ತು. ಎಲ್ಲವನ್ನೂ ಸರಿಯಾಗಿ ಮಾಡಿದ್ದರೂ ಅದು ಸಾಯುತ್ತಿತ್ತು ಎಂಬುದನ್ನು ಅವರಿಗೆ ತಾಳಿಕೊಳ್ಳಲಾಗಲಿಲ್ಲ. ನನ್ನ ಅನುಭವದಲ್ಲಿ ಈ ಕೆಲಸದವರ ಸಂಕಟದ ಗಂಟು ಇರುವುದು ಇಲ್ಲಿಯೇ. ನಾನೇ ಕೊಂದೆ ಎಂದುಕೊಂಡರೆ, ಮುಂದಿನ ಸಲ ಎಚ್ಚರವಹಿಸಿದರೆ ಸಾವನ್ನು ತಡೆಯಬಹುದು ಎಂಬ ನಂಬಿಕೆಯಾದರೂ ಉಳಿಯುತ್ತದೆ. ಕೈಲಾಗದು ಎಂದು ಒಪ್ಪಿಕೊಂಡರೆ ಉಳಿಯುವುದು ಶುದ್ಧ ದುಃಖ. ಅದನ್ನು ತಡೆಯಲು ಅವರು ತಿಂಗಳುಗಟ್ಟಲೆ ತಮ್ಮನ್ನೇ ಅಪರಾಧಿ ಮಾಡಿಕೊಂಡಿದ್ದರು. ಒಂದು ಸಾವಿಗೆ ಅಳುವ ಮೊದಲೇ ಮತ್ತೊಂದು ಕರೆ ಬರುತ್ತಿದ್ದುದರಿಂದ ಯಾವುದಕ್ಕೂ ಅತ್ತು ಮುಗಿಸಿರಲಿಲ್ಲ.

ಹೆದ್ದಾರಿಯ ನಾಯಿಯ ಬಗ್ಗೆ ಹೆಚ್ಚು ಮಾತು ಬೇಕಾಗಲಿಲ್ಲ. "ಕೈ ನೆಕ್ಕಿತು, ನನ್ನನ್ನು ನಂಬಿತ್ತು" ಎನ್ನುತ್ತಿದ್ದರು. ಆ ನಂಬಿಕೆಗೆ ನೀವು ಏನು ಮಾಡಿದಿರಿ ಎಂದು ಕೇಳಿದೆ. ಯೋಚಿಸಿ, "ಕೊನೆಯವರೆಗೂ ಎದ್ದು ಹೋಗಲಿಲ್ಲ" ಎಂದರು. ಆ ಉತ್ತರಕ್ಕೆ ನಾನು ಏನನ್ನೂ ಸೇರಿಸಲಿಲ್ಲ.

ಮನೆಯಲ್ಲಿ ಅಳಲು ಜಾಗವಿರಲಿಲ್ಲ. "ಮನುಷ್ಯರಿಗೇ ಗತಿಯಿಲ್ಲ, ಇವಳು ನಾಯಿಗೆ ಅಳುತ್ತಾಳೆ" ಎಂಬುದು ತಂದೆಯ ಮಾತು. ಮದುವೆ ಮಾಡಿದರೆ ಸರಿಹೋಗುತ್ತದೆ ಎಂಬುದು ನೆಂಟರದು. ಸಮಾಜ ಒಪ್ಪದ, ಹೊರಗೆ ತೋರಿಸಲು ಅವಕಾಶವಿಲ್ಲದ ಇಂಥ ದುಃಖದ ಬಗ್ಗೆ ಸಾವು, ದುಃಖಗಳನ್ನು ಅಧ್ಯಯನ ಮಾಡಿದ ಅಮೆರಿಕದ ಕೆನೆತ್ ಡೋಕಾ 1989ರಲ್ಲಿಯೇ ವಿವರವಾಗಿ ಬರೆದಿದ್ದಾರೆ. ಸತ್ತವರಿಗಾಗಿ ಅಳುವ ಹಕ್ಕೇ ಇಲ್ಲ ಎನಿಸಿದಾಗ ದುಃಖ ಮುಗಿಯುವುದಿಲ್ಲ, ಬೇರೆ ವೇಷದಲ್ಲಿ ಉಳಿಯುತ್ತದೆ. ಇವರಲ್ಲಿ ಅದು ಎದೆಬಡಿತವಾಗಿತ್ತು, ತಪ್ಪಿತಸ್ಥ ಭಾವವಾಗಿತ್ತು.

ತಾಯಿಯನ್ನು ಒಮ್ಮೆ ಕರೆದುಕೊಂಡು ಬರಲು ಹೇಳಿದೆ. ತವರು ಜಗಳೂರು ಕಡೆಯ ಹಳ್ಳಿ, ಬೇಸಾಯದ ಮನೆತನ. ಮಗಳ ಹಟದ ಬಗ್ಗೆ ಸ್ವಲ್ಪ ಹೊತ್ತು ಬೇಸರ ತೋಡಿಕೊಂಡರು. ನಿಮ್ಮ ಮನೆಯಲ್ಲಿ ದನಕರು ಇದ್ದವೇ ಎಂದು ಕೇಳಿದೆ. ಇದ್ದವು. ಮುಪ್ಪಾದ ಎತ್ತೊಂದು ಸತ್ತ ದಿನವನ್ನು ನೆನೆದು ಅವರೇ ಹೇಳುತ್ತಾ ಹೋದರು: "ಅರಿಶಿನ ಕುಂಕುಮ ಹಚ್ಚಿ, ಹೊಸ ಬಟ್ಟೆ ಹೊದಿಸಿ, ಹೊಲದ ಬದುವಿನ ಪಕ್ಕ ಮಣ್ಣು ಮಾಡಿದೆವು ಮೇಡಂ. ಅವತ್ತು ನಮ್ಮ ಮನೆಯಲ್ಲಿ ಒಲೆ ಹೊತ್ತಿಸಲಿಲ್ಲ, ಪಕ್ಕದ ಮನೆಯವರು ರೊಟ್ಟಿ ತಂದುಕೊಟ್ಟರು. ನಮ್ಮ ಅಪ್ಪ ಎಂಟು ದಿನ ಸರಿಯಾಗಿ ಮಾತಾಡಲಿಲ್ಲ." ಅಷ್ಟು ಹೇಳಿ ಮಗಳ ಕಡೆ ತಿರುಗಿದರು. "ನಿನಗೂ ಹಾಗೇ ಆಗಿದೆಯಾ?" ಎಂದರು. ಮಗಳು ತಲೆಯಾಡಿಸಿದರು. ದುಡಿದ ಎತ್ತಿಗೆ ಊರು ಕೊಟ್ಟ ಮರ್ಯಾದೆಯನ್ನು ದಿಕ್ಕಿಲ್ಲದ ನಾಯಿಮರಿಗೆ ಕೊಡಬಾರದೆಂಬ ನಿಯಮ ಎಲ್ಲಿಯೂ ಇಲ್ಲ.

ಈಗ ಅವರ ಗುಂಪಿನಲ್ಲಿ ಪ್ರಾಣಿ ಸತ್ತರೆ ಗೋಣಿಚೀಲದಲ್ಲಿ ಕಟ್ಟಿ ಅವಸರದಲ್ಲಿ ಸಾಗಿಸುವುದಿಲ್ಲ. ಆಳವಾಗಿ ಗುಂಡಿ ತೋಡಿ ಮಣ್ಣು ಮಾಡುತ್ತಾರೆ, ಸೋಂಕಿನ ದೃಷ್ಟಿಯಿಂದಲೂ ಅದು ಬೇಕು. ಒಂದು ಪುಸ್ತಕದಲ್ಲಿ ಅದು ಬಂದ ದಿನ, ಹೋದ ದಿನ, ಅದರ ಒಂದು ವಿಶೇಷವನ್ನು ಬರೆಯುತ್ತಾರೆ. ಚೇತರಿಸಿಕೊಂಡು ಮನೆ ಸೇರಿದವುಗಳನ್ನೂ ಅದೇ ಪುಸ್ತಕದಲ್ಲಿ ಬರೆಯಬೇಕೆಂದು ಒತ್ತಾಯಿಸಿದೆ. ಅವುಗಳನ್ನು ಅವರು ಲೆಕ್ಕಕ್ಕೇ ಹಿಡಿದಿರಲಿಲ್ಲ.

ಫೋನಿನ ವಿಷಯದಲ್ಲಿ ಸ್ವಲ್ಪ ಕಟುವಾಗಿಯೇ ಮಾತನಾಡಿದೆ. ಒಬ್ಬರೇ ದಿನದ ಎಲ್ಲ ಹೊತ್ತೂ ಕರೆಗೆ ಸಿಗುವುದು ಸೇವೆಯಲ್ಲ. ನೋವಿನಲ್ಲಿರುವವರಿಗೆ ನೆರವಾಗುವವರು ಅದೇ ನೋವಿನಿಂದ ಬರಿದಾಗುವುದನ್ನು ಅಮೆರಿಕದ ಮನೋವಿಜ್ಞಾನಿ ಚಾರ್ಲ್ಸ್ ಫಿಗ್ಲಿ 1990ರ ದಶಕದಲ್ಲಿ ಗುರುತಿಸಿ ಬರೆದರು, ದಾದಿಯರಿಂದ ಪಶುವೈದ್ಯರವರೆಗೆ ಅದು ಯಾರಿಗೂ ಬರಬಹುದು. ಐವರಲ್ಲಿ ಪಾಳಿ ಹಾಕಿಕೊಳ್ಳಿ, ನಿಮ್ಮ ಪಾಳಿ ಇಲ್ಲದ ರಾತ್ರಿ ಮೊಬೈಲ್ ಬೇರೆ ಕೋಣೆಯಲ್ಲಿರಲಿ, ಗಾಯದ ಚಿತ್ರಗಳನ್ನು ಇಡೀ ಗುಂಪಿಗೆ ಕಳಿಸಬೇಡಿ, ಹೋಗುವವರಿಗೆ ಮಾತ್ರ ಕಳಿಸಿ ಎಂದೆ. ರೈತರು ಹಸು, ಎಮ್ಮೆಗಾಗಿ ಕರೆ ಮಾಡಿದರೆ ಸರ್ಕಾರದ ಪಶು ಸಂಚಾರಿ ಚಿಕಿತ್ಸಾ ವಾಹನದ ಸಂಖ್ಯೆ 1962 ಕೊಡಿ, ಎಲ್ಲವನ್ನೂ ನೀವೇ ಹೊರಬೇಡಿ ಎಂದೂ ತಿಳಿಸಿದೆ. ಬೇಡ ಎನ್ನುವುದನ್ನು ನನ್ನ ಮುಂದೆಯೇ ಬಾಯಿಬಿಟ್ಟು ಅಭ್ಯಾಸ ಮಾಡಿಸಿದೆ: "ಈಗ ನಮ್ಮಲ್ಲಿ ಜಾಗವಿಲ್ಲ. ಅದು ಇರುವಲ್ಲಿಯೇ ಏನು ಮಾಡಬಹುದು ಎಂದು ಹೇಳುತ್ತೇನೆ." ಮೊದಲು ದನಿ ನಡುಗಿತು, ಮೂರನೆಯ ಬಾರಿಗೆ ಸರಿಯಾಗಿ ಬಂತು. ಕೆಲಸವನ್ನೇ ಬಿಟ್ಟುಬಿಡಿ ಎಂದು ನಾನು ಹೇಳಲಿಲ್ಲ, ಮನೆಯವರು ಅದನ್ನು ನಿರೀಕ್ಷಿಸಿದ್ದರು. ಒಂದು ತಿಂಗಳು ಶೆಡ್ ಕಡೆ ಹೋಗದೆ, ಸಂಜೆ ಕುಂದುವಾಡ ಕೆರೆಯ ಏರಿಯ ಮೇಲೆ ನಡೆಯಲು ಮಾತ್ರ ಒಪ್ಪಿಸಿದೆ.

ನಿದ್ರೆ ಈಗ ಬರುತ್ತದೆ. ಲಸಿಕೆ ಪೂರ್ಣವಾಗಿದೆ. ತಂದೆ ಇನ್ನೂ ಒಪ್ಪಿಲ್ಲ, ಆದರೆ ಉಳಿದ ಆ ಒಂದು ಮರಿ ಅವರ ಮನೆಯಲ್ಲಿಯೇ ಇದೆ. ಮರಿಗಳ ಕಾಲ ಮತ್ತೆ ಬರುವ ಮೊದಲು ಗುಂಪಿನ ಉಳಿದವರನ್ನೂ ಕರೆತರುವಂತೆ ಕೇಳಿದ್ದೇನೆ. ಅವರಲ್ಲಿ ಕಾಲೇಜಿಗೆ ಹೋಗುವ ಒಬ್ಬ ಹುಡುಗನಿದ್ದಾನೆ. ಎರಡೂ ಗುಂಪಿನ ಮರಿಗಳಿಗೆ ಗುಂಡಿ ತೋಡಿದವನು ಅವನೇ. ಅಂದಿನಿಂದ ಆ ವಿಷಯವಾಗಿ ಒಂದು ಮಾತೂ ಆಡಿಲ್ಲವಂತೆ. ಮುಂದಿನ ಭೇಟಿ ಅವನಿಗಾಗಿ.