ಕಂಪ್ಯೂಟರ್ ಕಟ್ಟೆ: ಫ್ರೇಮ್‌ಗೆ ಬೇಲಿ ಎಲ್ಲಿ ಹಾಕೋದು?

ಪ್ರಶ್ನೆ: ಸರ್, ನನ್ನ ಪಿಸಿಯಲ್ಲಿ ಜಿಟಿಎಕ್ಸ್ 1660 ಸೂಪರ್ ಗ್ರಾಫಿಕ್ಸ್ ಕಾರ್ಡ್ ಇದೆ, ಮಾನಿಟರ್ 75 ಹರ್ಟ್ಜ್. ಆಟ 110ರಿಂದ 140 ಎಫ್‌ಪಿಎಸ್ (ಸೆಕೆಂಡಿಗೆ ಅಷ್ಟು ಫ್ರೇಮ್, ಅಂದರೆ ಚಿತ್ರ) ಓಡುತ್ತದೆ. ಫ್ಯಾನ್ ಸದ್ದಿಗೆ ಅಮ್ಮ ಒಳಗಿಂದ ಕೂಗುತ್ತಾರೆ, ಅಡಿಕೆ ಸುಲಿಯೋ ಮಿಷನ್ ತಂದಿಟ್ಟಿದ್ದೀಯಾ ಅಂತ. ಮಿತಿ ಹಾಕೋಣ ಅಂದರೆ ಗೇಮ್ ಒಳಗೊಂದು, ಎನ್‌ವಿಡಿಯಾ ಕಂಟ್ರೋಲ್ ಪ್ಯಾನೆಲ್‌ನಲ್ಲೊಂದು, ರಿವಾಟ್ಯೂನರ್ ಅನ್ನೋ ಬೇರೆ ಸಾಫ್ಟ್‌ವೇರ್‌ನಲ್ಲಿ ಇನ್ನೊಂದು, ಸಾಲದ್ದಕ್ಕೆ ವಿ-ಸಿಂಕ್. ಯಾವುದು ಹಾಕಲಿ? ಮಿತಿ ಹಾಕಿದರೆ ಕಾರ್ಡಿಗೆ ಕೊಟ್ಟ ದುಡ್ಡು ದಂಡ ಅಂತಾನೆ ಗೆಳೆಯ.
– ಓದುಗ, ಕೋಣಂದೂರು

ಉತ್ತರ: ಅಮ್ಮನ ಪಕ್ಷ ನನ್ನದು ಮಾರಾಯ್ರೆ. 75 ಹರ್ಟ್ಜ್ ಅಂದರೆ ಪರದೆ ಸೆಕೆಂಡಿಗೆ 75 ಸಲ ಚಿತ್ರ ಬದಲಿಸುತ್ತದೆ, ಅಷ್ಟೇ. ಕಾರ್ಡು 140 ಮಾಡಿ ತಳ್ಳಿದರೆ ಒಂದು ಫ್ರೇಮಿನ ಮೇಲರ್ಧ, ಇನ್ನೊಂದರ ಕೆಳಗರ್ಧ ಒಟ್ಟಿಗೆ ಬಂದು ಕೂರುತ್ತವೆ. ಆಟದಲ್ಲಿ ಜೋರಾಗಿ ತಿರುಗಿದಾಗ ಕಂಬವೋ ಮರವೋ ನಡುವೆ ಕತ್ತರಿಸಿ ಪಕ್ಕಕ್ಕೆ ಸರಿಸಿದ ಹಾಗೆ ಕಾಣುತ್ತದೆ ಅಲ್ವಾ, ಅದೇ ಟೇರಿಂಗ್. ಗೆಳೆಯ ಹೇಳಿದ್ದು ಪೂರ್ತಿ ಸುಳ್ಳೇನಲ್ಲ. ಗುಂಡು ಹಾರಿಸೋ ಸ್ಪರ್ಧೆಯ ಆಟಗಳಲ್ಲಿ ಫ್ರೇಮ್ ಜಾಸ್ತಿ ಇದ್ದಷ್ಟೂ ಕೈ ಅಲುಗಿದ್ದು ಪರದೆಗೆ ಸ್ವಲ್ಪ ಬೇಗ ಬರುತ್ತದೆ. ಅಂಥ ಆಟದ ಮಾತು ಬೇರೆ. ಕಥೆ ಇರೋ ಆಟಕ್ಕೆ, ಕಾರು ಓಡಿಸೋ ಆಟಕ್ಕೆ 140 ಸುಮ್ನೆ ಕರೆಂಟ್ ಬಿಲ್ಲು.

ಈಗ ಎಲ್ಲಿ ಹಾಕೋದು ಅನ್ನೋದು. ದೋಸೆಯ ಲೆಕ್ಕದಲ್ಲಿ ಹೇಳುತ್ತೇನೆ. ಗೇಮ್ ಒಳಗಿನ ಮಿತಿ ಅಂದರೆ ನೀವು ಎಲೆ ಖಾಲಿ ಮಾಡೋ ಹೊತ್ತಿಗೆ ಸರಿಯಾಗಿ ಹಂಚಿಗೆ ಹುಯ್ಯೋ ದೋಸೆ. ಆಟ ಮೊದಲು ಕಾಯುತ್ತದೆ, ಆಮೇಲೆ ನಿಮ್ಮ ಮೌಸ್ ಎಲ್ಲಿದೆ ಅಂತ ನೋಡುತ್ತದೆ, ಆಮೇಲೆ ಚಿತ್ರ ಬಿಡಿಸುತ್ತದೆ. ಬಿಸಿಬಿಸಿ ಬರುತ್ತದೆ. ರಿವಾಟ್ಯೂನರ್ ಹಾಗಲ್ಲ, ದೋಸೆ ಆದ ಮೇಲೆ ಅಡುಗೆಮನೆ ಬಾಗಿಲಲ್ಲಿ ತಡೆದು ನಿಲ್ಲಿಸುತ್ತದೆ. ಆದರೆ ಒಂದರ ಹಿಂದೆ ಒಂದನ್ನು ಬಿಡೋದು ಮಾತ್ರ ಗಡಿಯಾರ ಇಟ್ಟ ಹಾಗೆ, ಅಂತರ ಹೆಚ್ಚುಕಮ್ಮಿ ಆಗೋದೇ ಇಲ್ಲ. ಕಂಟ್ರೋಲ್ ಪ್ಯಾನೆಲ್‌ನ ‘ಮ್ಯಾಕ್ಸ್ ಫ್ರೇಮ್ ರೇಟ್’ 2020ರ ಜನವರಿಯಲ್ಲಿ ಬಂದಿದ್ದು, ಅದೂ ಹೆಚ್ಚುಕಡಿಮೆ ಇದೇ ಜಾತಿ. ತಡ ಆಗೋದು ಹೆಚ್ಚೆಂದರೆ ಒಂದು ಫ್ರೇಮ್‌ನಷ್ಟು, ನಿಮ್ಮ ಮಾನಿಟರ್ ಲೆಕ್ಕದಲ್ಲಿ 13 ಮಿಲಿಸೆಕೆಂಡ್. ನನಗಂತೂ ಗೊತ್ತಾಗುವುದಿಲ್ಲ, ವಯಸ್ಸೂ ಆಯ್ತು.

ಹಾಗಾಗಿ ಮೊದಲು ಗೇಮ್ ಒಳಗೆ ಹುಡುಕಿ. ಅಲ್ಲಿ ಇಲ್ಲದಿದ್ದರೆ, ಅಥವಾ ಇದ್ದೂ ಆಟ ಎಳೆದೆಳೆದು ಓಡಿದರೆ, ಕಂಟ್ರೋಲ್ ಪ್ಯಾನೆಲ್ ಅಥವಾ ರಿವಾಟ್ಯೂನರ್. ಒಂದೇ ಒಂದು ಕಡೆ. ಮೂರು ಕಡೆ ಮೂರು ನಂಬರ್ ಹಾಕಿಟ್ಟು ‘ಯಾಕೋ ಜರ್ಕ್ ಹೊಡೀತಿದೆ’ ಅಂತ ಬರೆಯೋರು ತಿಂಗಳಿಗೆ ಇಬ್ಬರಾದರೂ ಇದ್ದಾರೆ. ವಿ-ಸಿಂಕ್ ಟೇರಿಂಗ್ ತಪ್ಪಿಸುತ್ತದೆ ನಿಜ, ಆದರೆ ಪರದೆಯ ಸರದಿ ಬರೋವರೆಗೆ ಫ್ರೇಮನ್ನು ಕಾಯಿಸುತ್ತದೆ. ಕೆಲವು ಆಟಗಳಲ್ಲಿ 75 ಮುಟ್ಟದಿದ್ದ ತಕ್ಷಣ ಅರ್ಧಕ್ಕೆ, 37ಕ್ಕೆ ಕುಸಿಯುತ್ತದೆ. ಕತ್ತರಿಸಿದ ಕಂಬ ಕಣ್ಣಿಗೆ ಚುಚ್ಚಿದರೆ ಮಾತ್ರ ಹಾಕಿ.

ಇನ್ನೊಂದು ಮಾತು, ಇದು ನಮ್ಮ ಕಡೆಯವರಿಗೇ. ಹೋದ ಮಳೆಗಾಲದಲ್ಲಿ ಕರೆಂಟ್ ಹೋದಾಗಲೆಲ್ಲ ನನ್ನ ಯುಪಿಎಸ್ ಎರಡು ಸಲ ಪೀಂ ಪೀಂ ಅಂದು ಪಿಸಿ ಸಮೇತ ಮಲಗಿಬಿಡುತ್ತಿತ್ತು. ಬ್ಯಾಟರಿ ಹೋಯ್ತು ಅಂತ ಹೊಸದು ಹಾಕಿಸಿದೆ, ಆಗಲೂ ಅದೇ ಕಥೆ. ಕೊನೆಗೆ ಹೊಳೆದಿದ್ದು, 600 ವಿಎ ಅಂತ ದೊಡ್ಡದಾಗಿ ಬರೆದಿರೋ ಆ ಡಬ್ಬ ತಡೆಯೋದು ಸುಮಾರು 360 ವ್ಯಾಟ್ ಅಷ್ಟೇ ಅಂತ. ಮಿತಿ ಇಲ್ಲದೆ ಓಡೋ ಆಟದಲ್ಲಿ ಕಾರ್ಡು, ಪ್ರೊಸೆಸರ್, ಮಾನಿಟರ್ ಸೇರಿ ಅದನ್ನು ದಾಟಿಸುತ್ತಿದ್ದವು. 60ಕ್ಕೆ ಕಟ್ಟಿ ಹಾಕಿದ ಮೇಲೆ ಆಟ ಸೇವ್ ಮಾಡಿ, ಸರಿಯಾಗಿ ಶಟ್‌ಡೌನ್ ಮಾಡೋಷ್ಟು ಹೊತ್ತು ಸಿಗುತ್ತದೆ. ಬ್ಯಾಟರಿಯ ದುಡ್ಡು ಮಾತ್ರ ದಂಡ. ನಿಮ್ಮ 1660 ಸೂಪರ್ ಒಂದೇ ಪೂರ್ತಿ ದುಡಿದಾಗ 125 ವ್ಯಾಟ್ ತಿನ್ನುತ್ತದೆ, ನೆನಪಿರಲಿ.

ಪ್ರಶ್ನೆ: 144 ಹರ್ಟ್ಜ್ ಫ್ರೀಸಿಂಕ್ ಮಾನಿಟರ್ ತಗೊಂಡೆ. ಮಿತಿಯನ್ನು 144ಕ್ಕೇ ಹಾಕಬೇಕಲ್ವಾ? 141 ಹಾಕು ಅಂತಾರೆ ಎಲ್ಲರೂ, ಯಾಕೆ ಅಂತ ಯಾರೂ ಹೇಳಲ್ಲ.
– ಓದುಗರು, ಸಾಗರ

ಉತ್ತರ: ಫ್ರೀಸಿಂಕ್‌ನಲ್ಲಿ ಪರದೆಯೇ ಕಾರ್ಡಿಗೆ ಕಾಯುತ್ತದೆ, ಫ್ರೇಮ್ ಬಂದಾಗ ಬದಲಾಗುತ್ತದೆ. ಆದರೆ 144 ಮುಟ್ಟಿದ ಕೂಡಲೇ ಆ ಹೊಂದಾಣಿಕೆ ಮುರಿಯುತ್ತದೆ, ಮತ್ತೆ ಟೇರಿಂಗ್ ಇಲ್ಲವೇ ವಿ-ಸಿಂಕ್‌ನ ತಡ. ಮಿತಿ 144 ಅಂತ ಹಾಕಿದರೂ ಯಾವುದೋ ಒಂದು ಫ್ರೇಮ್ ಸ್ವಲ್ಪ ಬೇಗ ಬಂದು ತಲೆ ತಗುಲಿಸಿಕೊಳ್ಳುತ್ತದೆ. ಹಳೇ ಮನೆ ಬಾಗಿಲಲ್ಲಿ ತಲೆ ಬಗ್ಗಿಸಿದ ಹಾಗೆ ಮೂರು ಕಮ್ಮಿ, 141. ಎನ್‌ವಿಡಿಯಾ ಕಾರ್ಡಿದ್ದು ಜಿ-ಸಿಂಕ್ (ಫ್ರೀಸಿಂಕ್‌ನಂಥದ್ದೇ, ಎನ್‌ವಿಡಿಯಾದ್ದು), ವಿ-ಸಿಂಕ್ ಜೊತೆ ಆಟದಲ್ಲಿ ತಡ ಕಮ್ಮಿ ಮಾಡೋ ರಿಫ್ಲೆಕ್ಸ್ ಆನ್ ಇದ್ದರೆ ಅದು ತಾನೇ 138ರ ಹತ್ತಿರ ಹಿಡಿದಿಡುತ್ತದೆ, ನೀವು ಏನೂ ಮಾಡಬೇಕಿಲ್ಲ. ಕೋಣಂದೂರಿನವರೂ ಕೇಳಿಸಿಕೊಳ್ಳಿ: 75 ಹರ್ಟ್ಜ್ ಮಾನಿಟರ್‌ಗಳಲ್ಲೂ ಫ್ರೀಸಿಂಕ್ ಇರೋದುಂಟು. 2019ರ ಜನವರಿಯಿಂದ ಎನ್‌ವಿಡಿಯಾ ಕಾರ್ಡುಗಳೂ ಅದನ್ನು ಬಳಸುತ್ತವೆ. ಡಿಸ್‌ಪ್ಲೇಪೋರ್ಟ್ ಕೇಬಲ್ ಹಾಕಿ ನೋಡಿ. ಬಂದರೆ ನಿಮ್ಮ ನಂಬರ್ 72.

ಪ್ರಶ್ನೆ: ಲ್ಯಾಪ್‌ಟಾಪ್ ಪರದೆ 144 ಹರ್ಟ್ಜ್, ಫ್ರೀಸಿಂಕ್ ಇಲ್ಲ. ಆಟ 50ರಿಂದ 70ರ ನಡುವೆ ಕುಣಿಯುತ್ತದೆ. 60ಕ್ಕೆ ಮಿತಿ ಹಾಕಿದೆ, ಆದರೂ ಜರ್ಕ್ ಹೋಗಲಿಲ್ಲ.
– ವಿದ್ಯಾರ್ಥಿನಿ, ಶಿವಮೊಗ್ಗ

ಉತ್ತರ: ಮಿತಿ ಅನ್ನೋದು ಮೇಲೆ ಹೋಗದ ಹಾಗೆ ತಡೆಯುತ್ತದೆಯೇ ಹೊರತು ಕೆಳಗೆ ಬೀಳೋದನ್ನು ಹಿಡಿಯುವುದಿಲ್ಲ. ಆಟ 50ಕ್ಕೆ ಇಳಿದಾಗ 60ರ ಮಿತಿ ಏನು ಮಾಡೀತು? ಆಗುಂಬೆ ಘಾಟಿ ಇಳಿಯುವಾಗ ಸಿಕ್ಕಷ್ಟು ನುಗ್ಗಿ 14 ತಿರುವಲ್ಲೂ ಬ್ರೇಕ್ ಹೊಡೆಯೋ ಡ್ರೈವರ್ ಇದ್ದರೆ ಹೊಟ್ಟೆ ತೊಳಸುತ್ತದೆ. ನಿಧಾನ ಇದ್ದರೂ ಒಂದೇ ಹದದಲ್ಲಿ ಇಳಿಸೋನು ಇದ್ದರೆ ನಿದ್ದೆ ಬರುತ್ತದೆ. ಆಟದ ಅತಿ ಭಾರದ ಜಾಗಕ್ಕೆ ಹೋಗಿ, ಸಂತೆ ಇರೋ ಊರೋ ದೊಡ್ಡ ಯುದ್ಧವೋ, ಅಲ್ಲಿ ಎಷ್ಟಿಳಿಯುತ್ತದೆ ನೋಡಿ. ಅದಕ್ಕಿಂತ ಕೆಳಗೆ, ಪರದೆಯ ನಂಬರನ್ನು ಸರಿಯಾಗಿ ಭಾಗಿಸೋ ಸಂಖ್ಯೆ ಹಿಡಿಯಿರಿ. 144ಕ್ಕೆ 48, ಅಂದರೆ ಪ್ರತಿ ಫ್ರೇಮೂ ಸರಿಯಾಗಿ ಮೂರು ಸಲ ತೋರುತ್ತದೆ. 60 ಹಾಕಿದಾಗ ಒಂದು ಎರಡು ಸಲ, ಇನ್ನೊಂದು ಮೂರು ಸಲ. ನಿಮ್ಮ ಜರ್ಕ್‌ನ ಅರ್ಧ ಇಲ್ಲೇ ಇದೆ. ಗೆಳತಿಯ ಪರದೆ 120 ಇದ್ದರೆ ಅವಳಿಗೆ 40.

ಪ್ರಶ್ನೆ: ಆಟ ಆಡುವಾಗ ಸುಮ್ಮನಿರೋ ಪಿಸಿ ಮೆನುವಿನಲ್ಲಿ ಯಾಕೆ ಕಿರುಚುತ್ತದೆ?
– ಓದುಗ, ಹೊಸನಗರ

ಉತ್ತರ: ಮೆನುವಿನಲ್ಲಿ ಕೆಲಸ ಕಮ್ಮಿ, ಹಾಗಾಗಿ ಮಿತಿ ಇಲ್ಲದಿದ್ದರೆ ಕಾರ್ಡು ನೂರಾರು ಫ್ರೇಮ್ ಬಿಡಿಸುತ್ತಾ ಕೂರುತ್ತದೆ. ಕಿರುಚೋದು ಕಾರ್ಡಿನ ಒಳಗಿನ ಕಾಯಿಲ್, ಅಂದರೆ ತಂತಿಯ ಸುರುಳಿ. 2021ರಲ್ಲಿ ‘ನ್ಯೂ ವರ್ಲ್ಡ್’ ಅನ್ನೋ ಆಟದ ಬೀಟಾದಲ್ಲಿ ಕೆಲವರ ಆರ್‌ಟಿಎಕ್ಸ್ 3090 ಕಾರ್ಡುಗಳೇ ಸತ್ತವು. ತಪ್ಪು ಕಾರ್ಡಿನ ಬೆಸುಗೆಯಲ್ಲಿ ಅಂತ ಆಮೇಲೆ ಗೊತ್ತಾಯಿತು, ಆದರೂ ಆಟದವರು ಮೆನುವಿಗೆ ಮಿತಿ ಹಾಕಿದರು. ಇಂಥ ಕಡೆ ಗೇಮ್ ಒಳಗಿನ ಮಿತಿ ಕೆಲವು ಸಲ ಮೆನುವಿಗೆ ತಗುಲುವುದಿಲ್ಲ, ಕಾರ್ಡಿನ ಡ್ರೈವರ್‌ನಲ್ಲಿ, ಅಂದರೆ ಕಂಟ್ರೋಲ್ ಪ್ಯಾನೆಲ್‌ನಲ್ಲಿ ಹಾಕಿದ್ದು ಎಲ್ಲಕ್ಕೂ ತಗುಲುತ್ತದೆ. 2011ರ ಹಳೇ ‘ಸ್ಕೈರಿಮ್’ ಆಡೋರಾದರೆ 60ಕ್ಕೆ ಕಟ್ಟಲೇಬೇಕು. ಅದರಲ್ಲಿ ವಸ್ತುಗಳು ಬೀಳೋ, ಉರುಳೋ ಲೆಕ್ಕ ಫ್ರೇಮ್‌ಗೆ ಅಂಟಿಕೊಂಡಿದೆ, ಮೇಲೆ ಹೋದರೆ ಮನೆಯೊಳಗೆ ಕಾಲಿಟ್ಟ ಕೂಡಲೇ ಮೇಜಿನ ಮೇಲಿನ ಪಾತ್ರೆ ಪಡಗ ಎಲ್ಲ ಗೋಡೆಗೆ ಹಾರುತ್ತವೆ.