ಡಚ್ಚರ ಬಂಗಲೆ ಚಿತ್ರದಲ್ಲಿ ಮೆಣಸಿನ ಮೂಟೆ ಯಾಕಿಲ್ಲ?

ಪ್ರಶ್ನೆ: ನೆದರ್‌ಲ್ಯಾಂಡ್ಸ್‌ನಲ್ಲಿರುವ ಮಗಳು ಒಂದು ಕ್ಯಾಲೆಂಡರ್ ತಂದುಕೊಟ್ಟಿದ್ದಾಳೆ. ತಿಂಗಳಿಗೊಂದು ಹಳೇ ಡಚ್ ಚಿತ್ರ. ಎಲ್ಲದರಲ್ಲೂ ಹೊಳೆ, ಮರದ ಸಾಲು, ಹಿಂದೆ ಒಂದು ದೊಡ್ಡ ಮನೆ. ಇಷ್ಟೊಂದು ಮನೆಗಳ ಚಿತ್ರ ಯಾಕೆ ಬರೆಸಿದರು? ಸುಮ್ನೆ ಅಂದಕ್ಕಾ?
– ಓದುಗರೊಬ್ಬರು, ಶಿರಸಿ

ಉತ್ತರ: ಅಂದಕ್ಕೂ ಹೌದು. ಆದರೆ ಮನೆ ಯಾರದ್ದು ಅಂತ ನಾಲ್ಕು ಜನಕ್ಕೆ ಗೊತ್ತಾಗುವುದೇ ಅಲ್ಲಿ ಮುಖ್ಯ. ಈಗ ಕುಮಟಾ, ಹೊನ್ನಾವರ ಕಡೆ ಹೊಸ ಮನೆ ಕಟ್ಟಿದವರು ಗೃಹಪ್ರವೇಶಕ್ಕೆ ಡ್ರೋನ್ ಹಾರಿಸುತ್ತಾರಲ್ಲ, ತೆಂಗಿನ ತೋಟ, ಗೇಟು, ಕಾರು ಎಲ್ಲ ಒಟ್ಟಿಗೆ ಕಾಣೋ ಹಾಗೆ? ಅದೇ ಬಾಬತ್ತು.

ಆ ಯಜಮಾನರಲ್ಲಿ ಹೆಚ್ಚಿನವರು ಹಳ್ಳಿಯವರಲ್ಲ, ಆಮ್‌ಸ್ಟರ್‌ಡ್ಯಾಮ್‌ನ ವ್ಯಾಪಾರಿಗಳು. ಬೇಸಿಗೆಯಲ್ಲಿ ಪೇಟೆಯ ಕಾಲುವೆ ನಾರುತ್ತಿತ್ತು. ದುಡ್ಡಿದ್ದವರು ವೆಕ್ಟ್ ಹೊಳೆಯ ದಂಡೆಗೋ ಹಾರ್ಲೆಮ್ ಬಳಿಯ ಮರಳುದಿಬ್ಬಗಳ ಕಡೆಗೋ ಹೊರಡುತ್ತಿದ್ದರು. ಯೋಆನ್ ಹೌಡೆಕೋಪರ್ ಅಂತ ಒಬ್ಬರಿದ್ದರು. ತಂದೆ ತೊಗಲಿನ ವ್ಯಾಪಾರಿ. ಮಗ ವೆಕ್ಟ್ ದಂಡೆಯಲ್ಲಿ ಗೌಡೆಸ್ಟೈನ್ ಎಂಬ ಬಂಗಲೆ ಕಟ್ಟಿಸಿದ, ಸುತ್ತಲಿನ ಜಾಗವನ್ನು ತನ್ನಂಥವರಿಗೇ ಮಾರಿದ, ಆ ಸೀಮೆಯ ದೊರೆ ಅನ್ನಿಸಿಕೊಂಡ, ಆಮ್‌ಸ್ಟರ್‌ಡ್ಯಾಮ್‌ನ ಮೇಯರ್ ಕೂಡ ಆದ. ಪಕ್ಕಾ ಲೆಕ್ಕಾಚಾರದ ಮನುಷ್ಯ!

ನಾನು ಕಾರವಾರದಲ್ಲಿ ಡ್ರಾಯಿಂಗ್ ಮೇಷ್ಟ್ರಾಗಿದ್ದವನು. ಹಾಗಾಗಿ ಚಿತ್ರಗಾರ ಎಲ್ಲಿ ನಿಂತು ಬರೆದ ಅಂತ ಮೊದಲು ನೋಡುತ್ತೇನೆ. ವೆಕ್ಟ್ ಚಿತ್ರಗಳಲ್ಲಿ ಅವನು ಸಾಮಾನ್ಯವಾಗಿ ನೀರಿನಾಚೆ ನಿಂತಿರುತ್ತಾನೆ. ಯಾಕೆಂದರೆ ಜನ ಓಡಾಡುತ್ತಿದ್ದದ್ದು ದೋಣಿಯಲ್ಲಿ. ದಂಡೆ ಮೇಲೆ ಕುದುರೆ ನಡೆಯುತ್ತ ಹಗ್ಗದಿಂದ ಎಳೆಯುತ್ತಿದ್ದ ದೋಣಿ. ಮನೆಯ ಮೋರೆ ಹೊಳೆ ಕಡೆಗೇ. ನೀರಿನ ಅಂಚಿಗೆ ಛತ್ರಿಯಂಥ ಸೂರಿನ ಪುಟ್ಟ ಮಂಟಪ ಕಂಡರೆ, ಅದು ಚಹಾ ಕುಡಿಯುವ ಜಾಗ. ಅಲ್ಲಿ ಕೂತರೆ ದೋಣಿಯವರನ್ನು ನೋಡಬಹುದು, ದೋಣಿಯವರಿಗೂ ಇವರು ಕಾಣುತ್ತಾರೆ. 1719ರಲ್ಲಿ ಈ ದಂಡೆಯ ಬಂಗಲೆಗಳ ಅಚ್ಚುಚಿತ್ರಗಳದ್ದೇ ಒಂದು ದೊಡ್ಡ ಪುಸ್ತಕ ಬಂತು.

ಈಗ ಚಿತ್ರದಲ್ಲಿ ಇಲ್ಲದ್ದನ್ನು ನೋಡಿ. ಗಾಳ ಹಾಕಿದವನೊಬ್ಬ ಇರುತ್ತಾನೆ, ನಾಯಿ ಇರುತ್ತದೆ. ಮೂಟೆ, ತಕ್ಕಡಿ, ಲೆಕ್ಕದ ಪುಸ್ತಕ ಯಾವುದೂ ಇರುವುದಿಲ್ಲ. ಡಚ್ ಈಸ್ಟ್ ಇಂಡಿಯಾ ಕಂಪನಿ ಹುಟ್ಟಿದ್ದು 1602ರಲ್ಲಿ, ಶುರುವಿನ ದಶಕಗಳಲ್ಲಿ ಅದರ ದೊಡ್ಡ ಸರಕು ಕಾಳುಮೆಣಸು. ಜಾವಾ, ಸುಮಾತ್ರಾದ ಮೆಣಸಿನ ಜೊತೆ ನಮ್ಮ ಈ ಕರಾವಳಿಯದ್ದೂ ಹೋಗುತ್ತಿತ್ತು. ಬಸರೂರಲ್ಲೂ ಅವರ ಕೋಠಿ, ಅಂದರೆ ವ್ಯಾಪಾರದ ಠಾಣೆ, ಇತ್ತು. ಎಲ್ಲ ಬಂಗಲೆಯೂ ಮೆಣಸಿನ ದುಡ್ಡಿನದ್ದಲ್ಲ, ಆದರೆ ದುಡ್ಡು ಬಂದ ದಾರಿಯನ್ನು ಮರೆಯಾಗಿಸುವುದರಲ್ಲಿ ಎಲ್ಲವೂ ಒಂದೇ. ಇದು ತಲೆತಲಾಂತರದ ದೊಡ್ಡಮನೆ ಅನ್ನಿಸಬೇಕಿತ್ತು.

ಇದಕ್ಕೆ ಹೊರತಾದದ್ದು ಹೆಸರಾಂತ ಡಚ್ ಚಿತ್ರಗಾರ ರೆಂಬ್ರಾಂಟ್ 1651ರಲ್ಲಿ ಮಾಡಿದ ಒಂದು ಅಚ್ಚುಚಿತ್ರ. ಹಾರ್ಲೆಮ್ ಹತ್ತಿರದ ಸ್ಯಾಕ್ಸೆನ್‌ಬರ್ಗ್ ಎಂಬ ಬಂಗಲೆ ಅದರಲ್ಲಿದೆ. ಬಟ್ಟೆ ಬಿಳುಪು ಮಾಡಲು ಹೊಲದ ತುಂಬ ಹಾಸಿದ ಉದ್ದುದ್ದ ಪಟ್ಟಿಗಳೂ ಕಾಣುತ್ತವೆ, ಅಂದರೆ ದುಡಿಮೆ ಮುಚ್ಚಿಟ್ಟಿಲ್ಲ. ಬಂಗಲೆಯ ಒಡೆಯ ಕ್ರಿಸ್ಟೋಫೆಲ್ ತೈಸ್. ರೆಂಬ್ರಾಂಟ್ ತನ್ನ ಮನೆ ಕೊಂಡ ಬಾಕಿಯನ್ನು ಇದೇ ತೈಸ್‌ಗೆ ಕೊಡಬೇಕಿತ್ತು. ಹಾಗಿದ್ದೂ ಸಾಲಗಾರ ಬರೆದ ಚಿತ್ರದಲ್ಲಿ ಬಯಲೇ ಬಯಲು, ಸಾಲ ಕೊಟ್ಟವನ ಬಂಗಲೆ ಮರಗಳ ನಡುವೆ ಒಂಚೂರು.