ದೋಣಿ ಇಂಜಿನ್ ಮೇಲಕ್ಕೆ ಏಳುತ್ತಿಲ್ಲ, ಯಾವ ಎಣ್ಣೆ ಹಾಕಬೇಕು?

ಎಣ್ಣೆಯ ಹೆಸರು ಆಮೇಲೆ ಹೇಳುತ್ತೇನೆ, ಮೊದಲು ಆ ಗ್ಯಾಸ್ ಟಾರ್ಚ್ ಕೆಳಗಿಡ್ರಿ. ನಾರಾಯಣಪುರ ಹಿನ್ನೀರಿನ ಮೀನು ದೋಣಿ, ಹಿಂಬದಿ ಹಲಗೆಗೆ ತೂಗುಹಾಕುವ 25 ಎಚ್‌ಪಿ ಹ್ಯಾಂಡಲ್ ಇಂಜಿನ್, ಬೇಸಿಗೆಯೆಲ್ಲ ಶೆಡ್ಡಿನಲ್ಲಿತ್ತು, ಈಗ ಇಬ್ಬರು ಎಳೆದರೂ ವಾಲಿ ಮೇಲಕ್ಕೆ ಏಳುತ್ತಿಲ್ಲ, ಡೀಸೆಲ್ ಬಿಡಲೋ ಸ್ಪ್ರೇ ಹೊಡೆಯಲೋ ಕಾಯಿಸಲೋ ಅಂತ ಕೇಳಿದ್ದೀರಿ. ನನ್ನ ಇಂಜಿನ್ ಹಿಡಿದುಕೊಂಡದ್ದೂ ಹೀಗೇ. ನಾನು ಕಾಯಿಸಿದೆ.

ನನ್ನದು ಟ್ರ್ಯಾಕ್ಟರ್ ರಿಪೇರಿ ಮಾಡಿದ ಕೈ. ಹಿಡಿದ ಪಿನ್ನನ್ನು ಕೆಂಪಗೆ ಕಾಯಿಸಿ ಸುತ್ತಿಗೆ ಹೊಡೆದರೆ ಬಿಡುತ್ತದೆ, ಆದರೆ ಅದು ಉಕ್ಕಿನ ಮಾತು. ಇಂಜಿನ್ನನ್ನು ದೋಣಿಗೆ ಹಿಡಿದಿಡುವ ಬ್ರಾಕೆಟ್ ಅಲ್ಯೂಮಿನಿಯಂ. ಕಾದರೂ ಕೆಂಪಾಗಿ ಎಚ್ಚರಿಸುವುದಿಲ್ಲ. ಶುದ್ಧ ಅಲ್ಯೂಮಿನಿಯಂ 660 ಡಿಗ್ರಿಗೆ ಕರಗಿದರೆ ಎರಕದ ಮಿಶ್ರಲೋಹ ಅದಕ್ಕೂ ಮೊದಲೇ ಕುಸಿಯುತ್ತದೆ. ನನ್ನ ಬ್ರಾಕೆಟ್ ಅಷ್ಟು ಕಾಯಲಿಲ್ಲ, ಆದರೆ ಇಂಜಿನ್ ಏರಿಳಿಯಲು ಅಚ್ಚಿನಂತೆ ಒಳಗೆ ಅಡ್ಡ ಹಾದುಹೋಗುವ ಕಬ್ಬಿಣದ ಟ್ಯೂಬಿಗೂ ಬ್ರಾಕೆಟ್ಟಿಗೂ ನಡುವೆ ನೈಲಾನ್ ಬುಷ್, ಅಂದರೆ ಬಳೆಯಂಥ ತುಂಡು, ಇರುತ್ತದೆ. ಅದು ಕರಗಲು 220ರಿಂದ 260 ಡಿಗ್ರಿ ಸಾಕು. ಹೊಗೆ ಬಂತು, ಹಳೆ ಗ್ರೀಸ್ ಸುಡುತ್ತಿದೆ ಅಂದುಕೊಂಡೆ. ಎಳೆದರೆ ಇಂಜಿನ್ ಬೆಣ್ಣೆಯಂತೆ ಎದ್ದಿತು. ಎದ್ದದ್ದು ಯಾಕೆಂದರೆ ಬುಷ್ ಮೇಣದಂತೆ ಮೆತ್ತಗಾಗಿತ್ತು. ರಾತ್ರಿ ಆರಿತು, ಬೆಳಗ್ಗೆ ಟ್ಯೂಬಿಗೆ ಅಂಟು ಹಚ್ಚಿದಂತೆ ಕೂತುಬಿಟ್ಟಿತ್ತು. ಹಿಂದಿನ ದಿನ ಹಿಡಿದಿದ್ದುದು ಬರೇ ಗ್ರೀಸ್, ಈಗ ಕರಗಿದ ಪ್ಲಾಸ್ಟಿಕ್. ಟ್ಯೂಬ್ ಕೊಯ್ದು ತೆಗೆಯಬೇಕಾಯಿತು, ಟ್ಯೂಬ್, ಬುಷ್, ಬ್ರಾಕೆಟ್ ಮೂರೂ ಹೊಸವು. ಸಾಮಾನು ಬರುವತನಕ ಆರು ವಾರ ದೋಣಿ ದಂಡೆಯಲ್ಲೇ ನಿಂತಿತು. ಮಗ್ಗುಲಲ್ಲೇ ಪೆಟ್ರೋಲ್ ಪೈಪ್ ಇತ್ತು, ಅದನ್ನು ನೆನೆದರೆ ಈಗಲೂ ಮೈ ಜುಂ ಅನ್ನುತ್ತದೆ.

ಇನ್ನು ನಿಮ್ಮ ಪ್ರಶ್ನೆ. ‘ಯಾವ ಎಣ್ಣೆ’ ಅನ್ನುವುದೇ ತಪ್ಪು ದಾರಿ. ಒಳಗೆ ಎಣ್ಣೆ ಕಮ್ಮಿ ಆಗಿಲ್ಲ, ಹಳೆಯದು ಗಟ್ಟಿಯಾಗಿ ಕೂತಿದೆ. ಗ್ರೀಸ್ ಅಂದರೆ ಎಣ್ಣೆ ಹಿಡಿದಿಟ್ಟ ಒಂದು ಥರದ ಸಾಬೂನು. ನಮ್ಮ ಕಡೆ 40 ಡಿಗ್ರಿ ದಾಟುವ ಬಿಸಿಲಿನಲ್ಲಿ ತಿಂಗಳುಗಟ್ಟಲೆ ಅಲುಗದೆ ನಿಂತರೆ ಎಣ್ಣೆ ಇಳಿದುಹೋಗಿ ಸಾಬೂನು ಉಳಿಯುತ್ತದೆ. ಅದಕ್ಕೆ ಹೊಳೆಯ ಸಣ್ಣ ಎರೆಮಣ್ಣು ಸೇರಿದರೆ ಒಣಗಿದ ಗಾರೆಯೇ ಸರಿ. ಅದರ ಮೇಲೆ ಡೀಸೆಲ್, ಎಣ್ಣೆ ಸುಮ್ಮನೆ ಸುರಿದರೆ ಹೊರಗೇ ಹರಿದುಹೋಗುತ್ತದೆ.

ಎಣ್ಣೆ ಡಬ್ಬಿ ಮುಟ್ಟುವ ಮೊದಲು ಗೇರ್ ನ್ಯೂಟ್ರಲ್‌ನಲ್ಲಿದೆಯೇ ನೋಡ್ರಿ. ರಿವರ್ಸ್‌ನಲ್ಲಿ ಇಂಜಿನ್ ಮೇಲೇಳದಂತೆ ಹಿಡಿಯುವ ಕೊಕ್ಕೆಗಳಿವೆ. ಕೊಕ್ಕೆ ಬಿಡಿಸುವ ಲಿವರ್ ಒತ್ತಿ ಬ್ಯಾಟರಿ ಬೆಳಕು ಬಿಟ್ಟು ನೋಡಿದರೆ ಕೊಕ್ಕೆ ಪಿನ್ನಿನಿಂದ ಪೂರ್ತಿ ಸರಿಯುವುದು ಕಾಣಬೇಕು. ಸ್ಪ್ರಿಂಗಿನ ಸುತ್ತ ಕೆಸರು ತುಂಬಿ ಕೊಕ್ಕೆ ಅರ್ಧಕ್ಕೇ ನಿಂತಿದ್ದರೆ ಸೀಮೆಎಣ್ಣೆ ಮತ್ತು ಹಲ್ಲುಜ್ಜುವ ಬ್ರಷ್ಷಿನಲ್ಲೇ ನಿಮ್ಮ ಕೆಲಸ ಮುಗಿಯಬಹುದು.

ಕೊಕ್ಕೆ ಸರಿ ಇದ್ದರೆ ಪೆಟ್ರೋಲ್ ಪೈಪ್ ಕಳಚಿ ಪ್ಲಗ್ ಕ್ಯಾಪ್ ತೆಗೀರಿ. ಬ್ರಾಕೆಟ್ಟಿನ ಪಕ್ಕದ ದೊಡ್ಡ ನಟ್ ಮೇಲೆ ಪೇಂಟಿನಿಂದ ಗೆರೆ ಎಳೆದು, ಇಂಜಿನ್ ಪೂರ್ತಿ ಕೆಳಗೆ ಇಳಿದಿರುವಾಗಲೇ ಕಾಲು ಸುತ್ತು ಸಡಿಲಿಸ್ರಿ. ಸುಮಾರು 50 ಕೆಜಿ ಇಂಜಿನ್ ಎತ್ತಿ ತಡೆಪಿನ್ನಿನ ಮೇಲೆ ನಿಲ್ಲಿಸಿ ಈ ನಟ್ ಮುಟ್ಟಬ್ಯಾಡ್ರಿ, ಬೆರಳು ಹೋಗುತ್ತವೆ. ಸಡಿಲಿಸಿದ ಕೂಡಲೆ ಹಗುರಾದರೆ ಯಾರೋ ನಟ್ ಅತಿಯಾಗಿ ಬಿಗಿದಿದ್ದರು, ಅಷ್ಟೇ.

ಹಗುರಾಗದಿದ್ದರೆ ಟ್ಯೂಬಿನ ಎರಡೂ ತುದಿಗೆ, ಬ್ರಾಕೆಟ್ ಕೂಡುವ ಸಂದಿಗೆ ತುಕ್ಕು ಬಿಡಿಸುವ ಸ್ಪ್ರೇ ಹೊಡೆದು ರಾತ್ರಿಯಿಡೀ ಬಿಡ್ರಿ. ಮೂರು ದಿನ ಹೀಗೇ. ಆಮೇಲೆ ಕೆಳಗಿನ ಗೇರ್‌ಬಾಕ್ಸ್ ಹಿಡಿದು ಒಂದು ಬೆರಳಗಲ ಮೇಲೆ, ಒಂದು ಬೆರಳಗಲ ಕೆಳಗೆ. ಮೇಲಿನ ಮುಚ್ಚಳ ಹಿಡಿದು ಎಳೆದರೆ ಅದರ ಕೊಂಡಿ ಮುರಿಯುತ್ತದೆ. ಅಲುಗಿದಷ್ಟೇ ಅಲುಗಿಸಿ ಮತ್ತೆ ಸ್ಪ್ರೇ. ಒಂದೇ ಏಟಿಗೆ ಎತ್ತುವ ಆಸೆ ಬಿಡ್ರಿ, ಮಣ್ಣು ಬುಷ್ಷನ್ನು ಗೀರಿಬಿಡುತ್ತದೆ.

ಸ್ಪ್ರೇ ಬಿಡಿಸುತ್ತದೆ, ಉಳಿಯುವುದಿಲ್ಲ. ಉಳಿಯಬೇಕಾದ್ದು ಗ್ರೀಸ್. ಗ್ರೀಸ್ ಪಂಪ್ ಹಚ್ಚುವ ನಿಪ್ಪಲ್ ಕಳಚಿ ತೊಳೀರಿ. ಬಾಯಿಯ ಗುಂಡು ತಂತಿಯಿಂದ ಒತ್ತಿದರೆ ಒಳಹೋಗಿ ತಾನೇ ವಾಪಸ್ ಬರಬೇಕು, ಬರದಿದ್ದರೆ ಬದಲಿಸ್ರಿ. ಟ್ರ್ಯಾಕ್ಟರ್ ಸ್ಪೇರ್ ಅಂಗಡಿಗೆ ಹಳೆಯದನ್ನೇ ಒಯ್ದು ಆಟೆ (ತಿರುಪಿನ ಸುತ್ತು) ಹೊಂದಿಸಿ ತನ್ನಿರಿ. ನೀರಿಗೆ ತೊಳೆದುಹೋಗದ ಮೆರೀನ್ ಗ್ರೀಸ್ ಬೇಕು. ಟ್ರಾಲಿಗೆ ಹಾಕುವ ಗ್ರಾಫೈಟ್ ಗ್ರೀಸ್ ಬೇಡವೇ ಬೇಡ, ನೀರು ಸೇರಿದರೆ ಅದು ಅಲ್ಯೂಮಿನಿಯಂ ತಿನ್ನುತ್ತದೆ. ಒಬ್ಬರು ಇಂಜಿನ್ ಏರಿಳಿಸುತ್ತಿರಲಿ, ಇನ್ನೊಬ್ಬರು ನಿಧಾನಕ್ಕೆ ಪಂಪ್ ಮಾಡಲಿ. ಮೊದಲು ಕರಿ ಉಂಡೆ, ಆಮೇಲೆ ಮಣ್ಣುಬಣ್ಣ, ಕೊನೆಗೆ ಡಬ್ಬಿಯಲ್ಲಿದ್ದ ಬಣ್ಣವೇ ಬರಬೇಕು, ಅದೂ ಎರಡೂ ತುದಿಯಲ್ಲಿ. ಒಂದೇ ಕಡೆ ಬಂದರೆ ಇನ್ನೊಂದು ಬುಷ್ ಒಣಗಿಯೇ ಇದೆ ಅಂತ. ಬರುತ್ತಿರುವ ತುದಿಯನ್ನು ಬಟ್ಟೆಯಿಂದ ಗಟ್ಟಿಯಾಗಿ ಒತ್ತಿ ಹಿಡಿದು ಮತ್ತೆ ಪಂಪ್ ಮಾಡ್ರಿ. ನಟ್ ವಾಪಸ್ ಬಿಗಿಯುವಾಗ ಇಂಜಿನ್ ಅಡ್ಡಡ್ಡ ಅಲುಗಬಾರದು, ಎತ್ತುವಾಗ ಜಡ ಅನ್ನಿಸಲೂಬಾರದು.

ಕೆಲವರು ‘ಎತ್ತದೆಯೇ ಓಡಿಸು, ಏನಾಗುತ್ತೆ’ ಅನ್ನುತ್ತಾರೆ. ಕೃಷ್ಣಾ ಹೊಳೆ ದಂಡೆಯ ಛಾಯಾ ಭಗವತಿ ಗುಡಿ ಕಡೆಯ ಬಂಡೆಗಳನ್ನು ನೋಡಿದವರು ಹಾಗನ್ನುವುದಿಲ್ಲ. ಮುಂದೆ ಹೋಗುವಾಗ ಕಲ್ಲಿಗೆ ತಾಗಿದರೆ ಇಂಜಿನ್ ತಾನೇ ಮೇಲಕ್ಕೆ ಜಿಗಿಯಬೇಕು. ಹಿಡಿದುಕೊಂಡಿದ್ದರೆ ಆ ಏಟು ದೋಣಿಯ ಹಿಂಬದಿ ಹಲಗೆಗೆ ಬೀಳುತ್ತದೆ.

ಮುಂದಿನ ಬೇಸಿಗೆಗೆ ಶೆಡ್ಡಿಗೆ ಹಾಕುವ ಮುಂಚೆ ಹೊಸ ಗ್ರೀಸ್ ತುಂಬಿ, ಹದಿನೈದು ದಿನಕ್ಕೊಮ್ಮೆ ಎರಡು ಸಲ ಏರಿಸಿ ಇಳಿಸ್ರಿ. ಈಗ ನಟ್ ಸಡಿಲಿಸಿದಾಗ ಹಗುರಾಯಿತೋ ಇಲ್ಲವೋ ಬರೀರಿ. ಆಗದಿದ್ದರೆ ಟ್ಯೂಬಿನ ಎರಡೂ ತುದಿಯ ಫೋಟೊ ಹಾಕ್ರಿ. ಬಿಳಿ ಪುಡಿ ಕಾಣಿಸಿದರೆ ಅಲ್ಯೂಮಿನಿಯಂ ತುಕ್ಕು ತಿಂದಿದೆ, ಆಗ ಟ್ಯೂಬ್ ಬಿಚ್ಚಲೇಬೇಕು.